ಬರೋಣದ ಕಾಲ

ಪರೇಲಿನ ಕನ್ನಡ ಕ್ರೈಸ್ತ ಸಭೆಯಲ್ಲಿ ರೂತವ್ವನಿಗೆ ಬೆಲೆ ಬರುತ್ತಿದ್ದದ್ದು ವರ್ಷಕ್ಕೆ ನಾಲ್ಕು ಭಾನುವಾರ ಮಾತ್ರ. ಉಳಿದ ಭಾನುವಾರಗಳಲ್ಲಿ ಅವಳು ಚಾಪೆ ಹಾಸುವವಳು, ಚಾಪೆ ಸುತ್ತುವವಳು, ಹಾಡಿನ ಪುಸ್ತಕಗಳನ್ನು ಟ್ರಂಕಿಗೆ ತುಂಬುವವಳು. ವಾರದ ದಿನ ಮಿಲ್ಲಿನ ವೈಂಡಿಂಗ್ ಖಾತೆಯಲ್ಲಿ ನೂಲು ಸುತ್ತುವ ನೂರಾರು ಹೆಂಗಸರಲ್ಲಿ ಒಬ್ಬಳು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಬಂದವೆಂದರೆ ಸಾಕು, ಘಾಟ್ಕೋಪರಿನಿಂದ, ಮುಲುಂಡಿನಿಂದ ಲೋಕಲ್ ಹಿಡಿದು ಬಂದ ಸಭಿಕರೆಲ್ಲ ಅವಳ ಕಡೆ ತಿರುಗಿ ನೋಡುತ್ತಿದ್ದರು. ನೋಡದೆ ಏನು ಮಾಡಿಯಾರು? ಸಭೆಯ ಹಿರಿಯರಾದ ಮುರಿಗೆಪ್ಪನವರು ಬೆರಳು ತೋರಿಸಿಯೇ ಪ್ರಸಂಗ ಮಾಡುತ್ತಿದ್ದರು.

ಆ ನಾಲ್ಕು ವಾರಕ್ಕೆ ಓದಿದವರು ಆಗಮನ ಕಾಲ ಅನ್ನುತ್ತಾರೆ. ಬೆಟಗೇರಿ, ಹುಬ್ಬಳ್ಳಿ ಕಡೆಯ ಹಳಬರಿಗೆ ಅದು ಬರೋಣದ ಕಾಲ. ಹಳೆಯ ಸತ್ಯವೇದದ ಕನ್ನಡದಲ್ಲಿ ಬರೋಣ ಎಂದರೆ ಬರುವಿಕೆ. ಸ್ವಾಮಿ ಕೂಸಾಗಿ ಒಮ್ಮೆ ಬಂದ, ಅರಸನಾಗಿ ಇನ್ನೊಮ್ಮೆ ಬರುತ್ತಾನೆ, ನಡುವೆ ಸಿಕ್ಕಿಕೊಂಡಿರುವ ನಾವು ಎಚ್ಚರವಾಗಿದ್ದು ಕಾಯಬೇಕು ಎಂಬುದು ಅದರ ಅರ್ಥ. ಮುಂಬಯಿಯಲ್ಲೇ ಹುಟ್ಟಿದ ಹುಡುಗರಿಗೆ ಆ ಶಬ್ದ ಒಂದು ನಗೆಪಾಟಲು. 'ಬರೋಣ ಅಂದ್ರೆ ಆಯೇಂಗೆ, ಅಲ್ವಾ? ಅರೆ, ಕೌನ್ ಆಯೇಗಾ?' ಎಂದು ಹಿಂದಿನ ಸಾಲಿನಲ್ಲಿ ಕೂತು ಕಿಸಿಯುತ್ತಿದ್ದರು. ಹಿರಿಯರು ಗದರಿಸುತ್ತಿದ್ದರು. ಯಾರು ಬರುತ್ತಾರೆ ಎಂಬ ಪ್ರಶ್ನೆ ಮಾತ್ರ ಅಷ್ಟೇನೂ ದಡ್ಡತನದ್ದಲ್ಲ ಎಂದು ರೂತವ್ವನಿಗೆ ಬರಬರುತ್ತ ಅನ್ನಿಸತೊಡಗಿತ್ತು.

ಸಭೆಗೆ ಸ್ವಂತ ದೇವಾಲಯ ಇರಲಿಲ್ಲ. ಒಂದು ಶಾಲೆಯ ಮೇಲ್ಮಾಳಿಗೆಯ ಹಾಲಿನಲ್ಲಿ ಬೆಳಿಗ್ಗೆ ಮರಾಠಿಯವರ ಆರಾಧನೆ, ಸಂಜೆ ನಾಲ್ಕಕ್ಕೆ ಕನ್ನಡದವರದು. ಮೇಜಿನ ಮೇಲೆ ಹಳೆಯ ಸೈಕಲ್ ರಿಮ್ಮಿಗೆ ಅಶೋಕದ ಎಲೆ ಸುತ್ತಿ ನಾಲ್ಕು ಮೇಣದಬತ್ತಿ ನಿಲ್ಲಿಸುತ್ತಿದ್ದರು. ಊರಲ್ಲಿ ಮಿಷನ್ನಿನವರು ಕಲಿಸಿದ ಪದ್ಧತಿ. ಮೊದಲ ಭಾನುವಾರ ಒಂದು ಬತ್ತಿ, ಎರಡನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ನಾಲ್ಕೂ. ಹಚ್ಚುವವಳು ರೂತವ್ವ. ಅವಳು ಕಡ್ಡಿ ಗೀರಿ ನಿಂತಾಗ ಮುರಿಗೆಪ್ಪನವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಕಾಯೂದು ಅಂದ್ರ ಏನು ಅಂತ ಪುಸ್ತಕದಾಗ ಹುಡುಕಬ್ಯಾಡ್ರಿ. ಇಲ್ಲೆ ನಿಂತಾಳ ನೋಡ್ರಿ ನಮ್ಮ ರೂತವ್ವ. ಎಷ್ಟ ವರ್ಷ ಆತು, ಗಂಡನ ಹಾದಿ ಕಾಯಾಕತ್ತಾಳ. ಎಣ್ಣಿ ತೀರಿಲ್ಲ, ದೀಪ ಆರಿಲ್ಲ. ಸಭಿ ಅನ್ನೂದು ಸ್ವಾಮಿ ಹಾದಿ ಹಿಂಗ ಕಾಯಬೇಕು!"

ಮೊದಲ ವರ್ಷ ಈ ಮಾತಿಗೆ ಅವಳು ಅತ್ತಿದ್ದಳು. ಎರಡನೆಯ ವರ್ಷ, ಸುಳ್ಳೇಕೆ ಹೇಳಬೇಕು, ಸ್ವಲ್ಪ ಹೆಮ್ಮೆಯೂ ಆಗಿತ್ತು. ಐದನೆಯ ವರ್ಷದ ಹೊತ್ತಿಗೆ ತಾನು ದಾದರಿನ ಅಂಗಡಿಗಳ ಮುಂದೆ ಸೀರೆ ಉಡಿಸಿ ನಿಲ್ಲಿಸಿದ ಗೊಂಬೆ ಅನ್ನಿಸಿತ್ತು. ಗೊಂಬೆಯನ್ನು ಜನವರಿಯಲ್ಲಿ ಯಾರೂ ನೋಡುವುದಿಲ್ಲ.

ಗಂಡ ದಾನಪ್ಪ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಮೂಟೆ ಇಳಿಸುವ ಟೋಳಿಯ ಮುಕಾದಮನಾಗಿದ್ದ. ನಲವತ್ತನಾಲ್ಕರ ಏಪ್ರಿಲ್, ಈಸ್ಟರ್ ಆದ ವಾರದ ಶುಕ್ರವಾರ. ಹೊಸ ಚಪ್ಪಲಿ ಸವೆದೀತೆಂದು ಮನೆಯಲ್ಲೇ ಬಿಟ್ಟು ಹಳೆಯದನ್ನು ಮೆಟ್ಟಿಕೊಂಡ. "ಸಂಜಿಗೆ ಝುಣಕಾ ಮಾಡು. ಖಾರ ಮುಂದಿರ್ಲಿ. ಬರ್ತೀನಿ" ಎಂದು ಹೊಸ್ತಿಲು ದಾಟಿದ. ಸಂಜೆ ನಾಲ್ಕರ ಮೇಲೆ ಮದ್ದುಗುಂಡು ತುಂಬಿದ ಹಡಗು ಸಿಡಿದು ಗೋದಿ ಗೋದಿಯೇ ಆಕಾಶಕ್ಕೆ ಹಾರಿತು. ಪರೇಲಿನ ಚಾಳಿನಲ್ಲಿ ಗೂಟಕ್ಕೆ ತೂಗುಹಾಕಿದ್ದ ಪಾತ್ರೆಗಳೆಲ್ಲ ನೆಲಕ್ಕೆ ಬಿದ್ದವು. ಆಮೇಲೆ ಅವಳು ಇಪ್ಪತ್ತು ದಿನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಳು. ಹೆಣ ಸಿಗಲಿಲ್ಲ, ಯಾವ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಝುಣಕವನ್ನು ಮೂರು ದಿನ ಮುಚ್ಚಿಟ್ಟಿದ್ದು ಹುಳಿವಾಸನೆ ಬಂದ ಮೇಲೆ ಚೆಲ್ಲಿದಳು. ಚೆಲ್ಲಿದ ದಿನವೇ ಅವಳಿಗೆ ಗೊತ್ತಾಗಿತ್ತು. ಮನಸ್ಸಿನಲ್ಲಿ ಗಂಡನನ್ನು ಮಣ್ಣು ಮಾಡಿದ್ದಳು.

ಸಭೆ ಮಾತ್ರ ಅವನನ್ನು ಮಣ್ಣು ಮಾಡಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹೆಂಗಸು ವಿಧವೆಯಾದರೆ ಒಂದು ಚಿಂತೆ, ಕಾಯುವವಳಾದರೆ ಒಂದು ದೃಷ್ಟಾಂತ. ಎರಡರಲ್ಲಿ ಯಾವುದು ಅಗ್ಗ ಎಂದು ಹಿರಿಯರಿಗೆ ಹೇಳಿಕೊಡಬೇಕೇ?

ಇದರ ನಡುವೆ ಬಂದವನು ಸದಾನಂದ. ಮಂಗಳೂರಿನ ಮಿಷನ್ ಮನೆತನದವನು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಘಾಟ್ಕೋಪರಿನಲ್ಲಿ ಬಾಡಿಗೆ ಕೋಣೆ. ಹೆಂಡತಿ ಕ್ಷಯದಲ್ಲಿ ತೀರಿಕೊಂಡು ಆರು ವರ್ಷ ಆಗಿತ್ತು. ಸೈಕಲ್ ರಿಮ್ಮು ತಂದುಕೊಟ್ಟವನೇ ಅವನು. ಪ್ರತಿ ವರ್ಷ ಶನಿವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಅವನು ಅಶೋಕದ ಟೊಂಗೆ ಸವರಿ ಕೊಡುವುದು, ಅವಳು ರಿಮ್ಮಿಗೆ ಸುತ್ತುವುದು. ಮೂರು ಡಿಸೆಂಬರ್ ಹೀಗೆ ಎಲೆ ಸುತ್ತಿದ ಮೇಲೆ ಒಂದು ದಿನ ಅವನು ತಲೆ ಎತ್ತದೆ, "ನಿಮ್ಮ ಕೈಯಡುಗೆ ಊಟ ಮಾಡುವ ಯೋಗ ಉಂಟಾ ನನಗೆ?" ಎಂದು ಕೇಳಿದ. ರೂತವ್ವನಿಗೆ ಮೈಯೆಲ್ಲ ಬಿಸಿಯಾಯಿತು. ಯಾರೋ ಬರುವ ಹೊತ್ತಿಗೆ ಬಾಗಿಲು ತೆಗೆಯುವುದು, ನಿಜವಾಗಿಯೂ ಒಬ್ಬ ಮನುಷ್ಯ ಒಳಗೆ ಬರುವುದು, ಇಷ್ಟೇ ಸುಖ ಅವಳಿಗೆ ಬೇಕಾಗಿತ್ತು. ಮೂವತ್ಮೂರು ವರ್ಷಕ್ಕೆ ಅದೇನು ದೊಡ್ಡ ಆಸೆಯೇ?

ಐವತ್ಮೂರರ ಅಕ್ಟೋಬರಿನಲ್ಲಿ ಸದಾನಂದನ ಹಂಗಾಮಿ ಕೆಲಸ ಮುಗಿಯಿತು. ಮೊಂಬಾಸಾದ ರೈಲ್ವೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಡಿಸೆಂಬರ್ ಹದಿನೈದಕ್ಕೆ ಹಡಗು. ಮದುವೆಯ ಕಾಗದ ತೋರಿಸಿದರೆ ಹೆಂಡತಿಗೂ ಟಿಕೆಟ್ಟು, ಕ್ವಾರ್ಟರ್ಸು. ಆಗಮನ ಕಾಲದಲ್ಲಿ ಸಭೆ ಮದುವೆ ಮಾಡುವುದಿಲ್ಲ. ಮದುವೆಗೆ ಮೊದಲು ಮೂರು ಭಾನುವಾರ ಇಬ್ಬರ ಹೆಸರು ಸಭೆಯ ಮುಂದೆ ಓದಬೇಕು. ಅಂದರೆ ಎಲ್ಲವೂ ನವೆಂಬರಿನಲ್ಲೇ ಆಗಬೇಕು. ಇಬ್ಬರೂ ಅರ್ಜಿ ಕೊಟ್ಟರು. ಏಳು ವರ್ಷ ಕಾಣದವನನ್ನು ಸತ್ತವನೆಂದು ಎಣಿಸಲು ಸರಕಾರವೇ ಒಪ್ಪುತ್ತದೆ, ಇಲ್ಲಿ ಒಂಬತ್ತಾಗಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಬರೀ ಗುಡಿಗಳಿಗೆ ಹುಟ್ಟಿದ್ದಲ್ಲ.

ನವೆಂಬರಿನ ಮೊದಲ ಭಾನುವಾರ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಫೆನ್ವಿಕ್ ದೊರೆ ಬಂದ. ತಿಂಗಳಿಗೊಮ್ಮೆ ಬರುವ ಬಿಳಿ ಪಾದ್ರಿ, ಸಾಧು ಮನುಷ್ಯ, ವಿಲಾಯತಿಯಿಂದ ಬಂದು ಎರಡು ವರ್ಷ. ಕನ್ನಡದಲ್ಲಿ 'ಸಮಾಧಾನ' ಎಂಬ ಒಂದು ಶಬ್ದ ಕಲಿತಿದ್ದ. ಉಳಿದದ್ದೆಲ್ಲ ಮುರಿಗೆಪ್ಪನವರ ಬಾಯಿಂದಲೇ ಅವನ ಕಿವಿಗೆ ಹೋಗಬೇಕು. ಅವರು ಮಿಲ್ಲಿನ ಆಫೀಸಿನ ಹೆಡ್ ಕ್ಲಾರ್ಕು, ಇಂಗ್ಲಿಷು ಅವರ ಕೋಟಿನ ಹಾಗೆ, ಸದಾ ಇಸ್ತ್ರಿಯಾಗಿರುತ್ತಿತ್ತು. ದೊರೆ ಸಭೆಯ ದಫ್ತರ ತರಿಸಿ ನಲವತ್ತನಾಲ್ಕರ ಪುಟ ತೆಗೆದು ಓದಿದ. ಓದಿ ತಲೆ ಅಲ್ಲಾಡಿಸಿದ. ರೂತವ್ವನ ಕಡೆ ಕನಿಕರದಿಂದ ನೋಡಿ 'ಸಮಾಧಾನ' ಎಂದ.

ಆಗಿದ್ದೇನೆಂದು ಮೆಟ್ಟಿಲ ಮೇಲೆ ಸದಾನಂದ ಬಿಡಿಸಿ ಹೇಳಿದ. ಅವನ ಮುಖ ಕೆಂಪಾಗಿತ್ತು.

"ಅಂದು ಮುರಿಗೆಪ್ಪನವರು ನಿಮ್ಮ ಹೇಳಿಕೆ ಬರ್ಕೊಂಡಿದ್ರಲ್ಲ, ಹೋಗುವಾಗ ಗಂಡ ಏನು ಹೇಳಿದ ಅಂತ?"

"ಕೇಳಿದ್ರು. ಬರ್ತೀನಿ ಅಂದು ಹೋದ್ರು ಅಂತ ಹೇಳಿದ್ದೆ."

"ಅದನ್ನು ಇಂಗ್ಲಿಷಿನಲ್ಲಿ 'ಹಿ ಪ್ರಾಮಿಸ್ಡ್ ಟು ಕಮ್ ಬ್ಯಾಕ್' ಅಂತ ಬರ್ದಿದ್ದಾರೆ. ತಿರುಗಿ ಬರ್ತೇನೆ ಅಂತ ಮಾತು ಕೊಟ್ಟು ಹೋದ ಅಂತ ಆಯ್ತು. ದೊರೆ ಹೇಳ್ತಾನೆ, ದಿನದ ಕೆಲಸಕ್ಕೆ ಹೋಗುವವ ತಿರುಗಿ ಬರ್ತೇನೆ ಅಂತ ಮಾತು ಕೊಡುವುದುಂಟಾ? ಇವ ಎಲ್ಲೋ ದೂರ ಹೋಗುವ ಮನಸ್ಸು ಮಾಡಿಯೇ ಹೊರಟವ. ಗೋದಿಗೆ ಹೋದದ್ದೇ ಸಂಶಯ. ಬದುಕಿರಬಹುದು, ಮಾತು ಕೊಟ್ಟವನಿಗೆ ಇನ್ನೂ ಕಾಯಬೇಕು ಅಂತ."

ರೂತವ್ವ ಮೊದಲು ನಕ್ಕಳು. ನಗದೆ ಇನ್ನೇನು? ನಮ್ಮವರಲ್ಲಿ ಹೊಸ್ತಿಲು ದಾಟುವವರು ಹೋಗ್ತೀನಿ ಅನ್ನುವುದಿಲ್ಲ. ಹಾಲು ತರಲು ಹೋಗುವವನೂ ಬರ್ತೀನಿ, ಸೈನ್ಯಕ್ಕೆ ಹೋಗುವವನೂ ಬರ್ತೀನಿ. ಹೋಗ್ತೀನಿ ಅನ್ನುವುದು ಸಾಯುವವರ ಮಾತು, ಬಾಯಲ್ಲಿ ಬಂದರೆ ಮನೆಯ ಹಿರಿಯರು ಕೆನ್ನೆಗೆ ಬಾರಿಸುತ್ತಾರೆ. ಅಜ್ಜ ಮುತ್ತಜ್ಜಂದಿರು ಕುಲ ಬಿಟ್ಟರು, ವಿಭೂತಿ ಬಿಟ್ಟರು, ದೀಕ್ಷಾಸ್ನಾನ ತೆಗೆದುಕೊಂಡು ಹೆಸರನ್ನೂ ಬಿಟ್ಟರು. ಈ ಮಾತೊಂದನ್ನು ಬಿಡಲಿಲ್ಲ. ಬಾಗಿಲಲ್ಲಿ ನಿಂತು ಹೇಳುವ ಆ ಮಾತು ದಫ್ತರದಲ್ಲಿ ಹೋಗಿ ಆಣೆಯಾಗಿ ಕೂತಿತ್ತು.

ಸದಾನಂದ ದೊರೆಗೆ ಹೇಳದೆ ಇರಲಿಲ್ಲ. ತನ್ನ ಒಡಕು ಇಂಗ್ಲಿಷಿನಲ್ಲಿ, "ಅದು ನಮ್ಮ ರೂಢಿ ಸರ್" ಎಂದಿದ್ದ. ದೊರೆ ಮುರಿಗೆಪ್ಪನವರ ಕಡೆ ತಿರುಗಿ, ಹೌದೇ ಎಂದು ಕೇಳಿದ್ದ. ಅವರು ಕನ್ನಡಕ ಒರೆಸಿಕೊಂಡು, "ಕೆಲವರು ಹಾಗೆ ಅನ್ನುವುದುಂಟು ಸರ್. ಆದರೆ ಮದುವೆಯಾಗಲು ಆತುರ ಇರುವವನು ಇದನ್ನು ಹೇಳುತ್ತಿದ್ದಾನೆ" ಎಂದುಬಿಟ್ಟಿದ್ದರು.

ಮರುದಿನ ಮಿಲ್ಲಿನ ಪಾಳಿ ಮುಗಿಸಿ ಅವಳು ನೇರ ಅವರ ಮನೆಗೆ ಹೋದಳು. ಮುರಿಗೆಪ್ಪನವರು ಚಹಾ ಬಸಿಗೆ ಸುರಿದುಕೊಳ್ಳುತ್ತಿದ್ದರು.

"ಅಣ್ಣಾರ, ಒಂದ ಶಬ್ದ ತಿದ್ದಿ ಕೊಡ್ರಿ. ನಿಮಗ ಗೊತ್ತೈತಿ, ಬರ್ತೀನಿ ಅಂದ್ರ ಏನು ಅಂತ."

"ಬರದದ್ದು ಬರದಾತು ತಂಗಿ."

ಸ್ವಾಮಿಯನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನೂ ಇದನ್ನೇ ಅಂದಿದ್ದ. ಅವನಾದರೂ ಕೈ ತೊಳೆದುಕೊಂಡಿದ್ದ; ಇವರು ಬಿಸ್ಕೀಟು ಅದ್ದಿಕೊಂಡರು.

"ನನ್ನ ಜೀವನದ ಪ್ರಶ್ನೆ ಐತ್ರಿ."

"ಹಂಗ ನೋಡಿದ್ರ ಸಭಿದೂ ಮಾನದ ಪ್ರಶ್ನೆ ಐತಿ. ಒಂಬತ್ತ ವರ್ಷ ತಪ್ಪು ಬರದ ಇಟ್ಟಿದ್ದೆ ಅಂತ ನಾ ದೊರಿ ಮುಂದ ಹೆಂಗ ಹೇಳಲಿ? ಮತ್ತ ನೀನು... ನಿನ್ನ ನೋಡಿ ಎಷ್ಟ ಜನ ವಿಶ್ವಾಸದಾಗ ನಿಂತಾರ, ಗೊತ್ತೇನು? ನೀನ ಎದ್ದು ಹೋದ್ರ ಅವರಿಗೆ ನಾ ಏನ ತೋರಸಲಿ?" ಧ್ವನಿ ಮೃದು ಮಾಡಿ ಸೇರಿಸಿದರು: "ಇನ್ನೊಂದ ವರ್ಷ ಕಾಯವಾ. ಕಾಯೂದರಾಗ ಆಶೀರ್ವಾದ ಐತಿ."

ಅವಳಿಗೆ ಆ ಗಳಿಗೆಯಲ್ಲಿ ಅವರ ಮೇಲೆ ಬಂದ ಸಿಟ್ಟು ಗಂಡನನ್ನು ನುಂಗಿದ ಬೆಂಕಿಯ ಮೇಲೂ ಬಂದಿರಲಿಲ್ಲ. ಬೆಂಕಿಗೆ ಕನ್ನಡ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು.

ಸದಾನಂದ ರಿಜಿಸ್ಟ್ರಾರನ ಕಚೇರಿಗೂ ಹೋಗಿ ಬಂದ. ಮರಣದ ಕಾಗದ ತಾ, ಇಲ್ಲದಿದ್ದರೆ ನಿಮ್ಮ ಸಭೆಯಿಂದ ಬರೆಸಿಕೊಂಡು ಬಾ ಎಂದು ಅಲ್ಲಿನ ಗುಮಾಸ್ತ ಹೇಳಿದ. ಸಭೆಯ ಕಾಗದದಲ್ಲಿ ಏನಿದೆ ಎಂದು ಅವರಿಗೆ ಗೊತ್ತೇ ಇತ್ತು. ನವೆಂಬರಿನ ಕೊನೆಗೆ ಬರೋಣದ ಕಾಲವೂ ಶುರುವಾಯಿತು. ಮೊದಲ ಭಾನುವಾರ ಬಂತು, ರೂತವ್ವ ಮೊದಲ ಬತ್ತಿ ಹಚ್ಚಿದಳು. ಎರಡನೆಯದು ಹಚ್ಚಿದಳು. ಮೂರನೆಯದನ್ನೂ ಹಚ್ಚಿದಳು. ಕೊನೆಯ ಗಳಿಗೆಯಲ್ಲಾದರೂ ಮುರಿಗೆಪ್ಪನವರ ಮನಸ್ಸು ಕರಗೀತು ಎಂಬ ಆಸೆ ಇನ್ನೂ ಸತ್ತಿರಲಿಲ್ಲ. ಆಸೆಗೆ ನಾಚಿಕೆ ಎಲ್ಲಿದೆ?

ಮಂಗಳವಾರ ಬೆಳಿಗ್ಗೆ ಸದಾನಂದ ಟ್ರಂಕು ಹೊತ್ತು ಚಾಳಿಗೆ ಬಂದ. ಅವಳು ಅರ್ಧ ದಿನ ರಜೆ ಹಾಕಿದ್ದಳು. ಹಡಗಿನವರೆಗೆ ಬರುತ್ತೀರಾ ಎಂದು ಅವನು ಕೇಳಲಿಲ್ಲ. ಆ ಗೋದಿಯ ದಿಕ್ಕಿಗೆ ಅವಳು ಒಂಬತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ. ನೆರೆಯವರೆಲ್ಲ ನೋಡಲಿ ಎಂಬಂತೆ ಅವಳು ಗ್ಯಾಲರಿಯಲ್ಲೇ ಅವನಿಗೆ ಭಕ್ರಿ, ಝುಣಕಾ ಬಡಿಸಿದಳು. ಅವನು ತಟ್ಟೆ ಕೆರೆದು ತಿಂದ. ಖಾರಕ್ಕೋ ಏನೋ ಕಣ್ಣಲ್ಲಿ ನೀರಿತ್ತು.

"ನೀವು ಹೂಂ ಅಂದ್ರೆ ನಾನು ಟಿಕೆಟು ಹರಿದು ಹಾಕ್ತೇನೆ ಮಾರಾಯ್ತಿ. ಹೀಗೆಯೇ ಒಟ್ಟಿಗೆ ಇರುವ."

"ಇಟ್ಟುಕೊಂಡಾಕಿ ಅನ್ನಿಸ್ಕೊಂಡು ನಾ ಇರೂದಿಲ್ಲ. ಮತ್ತ ಕೆಲಸ ಇಲ್ಲದ ನೀವ ಇಲ್ಲೇನ ತಿಂತೀರಿ? ನಡೀರಿ, ಹೊತ್ತಾತು."

ಅವನು ಟ್ರಂಕು ಎತ್ತಿಕೊಂಡ. ಮೂರು ಮೆಟ್ಟಿಲು ಇಳಿದು ತಿರುಗಿ, ಹುಟ್ಟಿದಂದಿನಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿದ.

"ಬರ್ತೇನೆ."

"ಹಂಗನಬ್ಯಾಡ್ರಿ!" ರೂತವ್ವ ಚೀರಿಬಿಟ್ಟಳು. "ನಿಮ್ಮ ಕೈ ಮುಗೀತೀನಿ. ಆ ಮಾತು ಬ್ಯಾಡ. ಹೋಗ್ತೇನೆ ಅಂದುಬಿಡ್ರಿ. ನಾ ಇನ್ನೊಬ್ಬರ ಹಾದಿ ಕಾಯಲಾರೆ."

ಅವನು ಬಾಯಿ ತೆರೆದ. ಆ ಶಬ್ದ ನಾಲಿಗೆಗೆ ಬರಲಿಲ್ಲ. ಒಂದು ಸಲ ತಲೆ ಅಲ್ಲಾಡಿಸಿ ಇಳಿದುಹೋದ. ಹೆಜ್ಜೆ ಸಪ್ಪಳ ನಿಂತ ಮೇಲೂ ಅವಳು ಕಟಾಂಜನ ಹಿಡಿದುಕೊಂಡು ನಿಂತಿದ್ದಳು. ಮಧ್ಯಾಹ್ನದ ಭೋಂಗಾ ಕೂಗಿದಾಗ ಮಿಲ್ಲಿಗೆ ಹೋದಳು.

ನಾಲ್ಕನೆಯ ಭಾನುವಾರ ಶಾಲೆಯ ಹಾಲ್ ಜನರಿಂದ ತುಂಬಿತ್ತು. ಕ್ರಿಸ್ಮಸ್ಸಿನ ಹೊಸ ಸೀರೆ ಕೆಲವರು ಅವತ್ತೇ ಉಟ್ಟಿದ್ದರು. ಫೆನ್ವಿಕ್ ದೊರೆ ಬಂದಿದ್ದ. ರೂತವ್ವ ಎಂದಿನಂತೆ ಮೂರೂವರೆಗೆ ಬಂದು ಚಾಪೆ ಹಾಸಿದಳು, ಪುಸ್ತಕ ಹಂಚಿದಳು. ಹಾಡು ಮುಗಿದ ಮೇಲೆ ಮುರಿಗೆಪ್ಪನವರು ಕರೆದರು. ಅವಳು ಮೇಜಿನ ಹತ್ತಿರ ಹೋಗಿ ಕಡ್ಡಿಪೆಟ್ಟಿಗೆ ಎತ್ತಿಕೊಂಡಳು. ಚಕ್ರದ ಮೇಲೆ ಎಲೆ ಬಾಡಿತ್ತು. ಈ ಸಲ ಹೊಸ ಎಲೆ ಸವರಿ ಕೊಡುವವರು ಇರಲಿಲ್ಲ.

"ಕಾಯೂದು ಅಂದ್ರ ಏನು ಅಂತ ಪುಸ್ತಕದಾಗ..." ಎಂದು ಮುರಿಗೆಪ್ಪನವರು ಶುರುಮಾಡಿದರು.

"ನಿಲ್ಲಸ್ರಿ ಅಣ್ಣಾರ." ಅವಳು ಕಡ್ಡಿಪೆಟ್ಟಿಗೆಯನ್ನು ಹಾಗೇ ಮೇಜಿನ ಮೇಲಿಟ್ಟಳು. ಧ್ವನಿ ಗಟ್ಟಿಯಾಗಿಯೇ ಇತ್ತು, ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು. "ಇವತ್ತ ಮನಿ ಬಿಟ್ಟು ಇಲ್ಲಿಗೆ ಬರೂಮುಂದ ಅಕ್ಕಾರಿಗೆ ಏನ ಹೇಳಿ ಬಂದ್ರಿ?"

ಮುರಿಗೆಪ್ಪನವರ ಹೆಂಡತಿಗೆ ಮೈ ನೆಟ್ಟಗಿರಲಿಲ್ಲ, ಅವತ್ತು ಸಭೆಗೆ ಬಂದಿರಲಿಲ್ಲ. ಅವರು ತಬ್ಬಿಬ್ಬಾಗಿ, "ಏನ ಹೇಳೂದು? ಬರ್ತೀನಿ ಅಂದೆ" ಎಂದರು.

ಹೆಂಗಸರ ಚಾಪೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಕನ್ನಡ ಬಲ್ಲ ಪ್ರತಿಯೊಬ್ಬರಿಗೂ ಅರ್ಥವಾಗಿತ್ತು. ಒಬ್ಬರೂ ಏಳಲಿಲ್ಲ.

"ಅದನ್ನ ದೊರಿಗೆ ಇಂಗ್ಲಿಷನ್ಯಾಗ ಹೇಳ್ರಿ."

ಅವರು ಹೇಳಲಿಲ್ಲ. ದಫ್ತರದ ಮೇಲೆ ಕೈ ಇಟ್ಟುಕೊಂಡು ನಿಂತರು. ಈಗ ಹೇಳಿದರೂ ಏನು ಬಂತು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಡಗು ಹೊರಟು ಐದು ದಿನವಾಗಿತ್ತು. ಅದು ರೂತವ್ವನಿಗೂ ಗೊತ್ತಿತ್ತು. ಅವಳು ದೊರೆಯ ಕಡೆಗೆ ತಿರುಗಿದಳು, ಅವನಿಗೆ ತಿಳಿಯದ ಕನ್ನಡದಲ್ಲೇ ಕೇಳಿದಳು.

"ಸ್ವಾಮಿ ಹೋಗೂಮುಂದ ಬರ್ತೀನಿ ಅಂದು ಹೋದ. ಅದನ್ನ ನಂಬಿ ನಾವು ವರ್ಷಾ ವರ್ಷಾ ದೀಪ ಹಚ್ಚತೀವಿ. ಅಂವ ಖರೇನ ಮಾತು ಕೊಟ್ಟಿದ್ದನೋ, ಇಲ್ಲಾ ಬಾಗಲದಾಗ ನಿಂತು ಎಲ್ಲಾರೂ ಅಂದಂಗ ಅಂದಿದ್ದನೋ? ಅದನ್ನೂ ಇಂಥಾವ್ರ ಬರಕೊಂಡಾರ. ನನಗ್ಯಾಂಗ ಗೊತ್ತಾಗಬೇಕು?"

ಯಾರೋ "ಅಯ್ಯೋ ಕರ್ತನೇ" ಎಂದರು. ದೇವರನ್ನು ಬಿಡುವ ಮಾತಾಗಿರಲಿಲ್ಲ ಅದು. ಚಿಕ್ಕಂದಿನಿಂದ ಅವಳು ಆತನನ್ನು ನಂಬಿದ್ದಳು. ಈಗಲೂ ಆತ ಬಂದರೆ ಬಾಗಿಲು ತೆಗೆದಾಳು, ಆದರೆ ಇವರ ಮೇಜಿನ ಪಕ್ಕದಲ್ಲಿ ನಿಂತು ಇನ್ನು ಕಾಯಲಾರಳು. ಕಾಯುವುದನ್ನು ಇವರು ಅವಳಿಂದ ಕಸಿದುಕೊಂಡು ತಮ್ಮ ಪ್ರಸಂಗಕ್ಕೆ ಉಪ್ಪು ಖಾರ ಮಾಡಿಕೊಂಡಿದ್ದರು.

ಟ್ರಂಕಿನ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಬಾಗಿಲವರೆಗೆ ನಡೆದು ಹೊಸ್ತಿಲ ಮೇಲೆ ನಿಂತಳು.

"ಹೋಗ್ತೀನಿ" ಎಂದಳು.

ಹೆಂಗಸರೆಲ್ಲ ಒಮ್ಮೆಲೇ ಎದ್ದರು. ಮೂವತ್ಮೂರರ ಹೆಂಗಸು ಮದುವೆ ತಪ್ಪಿ ಒಣಗಿದಾಗ ಏಳದವರು, ಒಂದು ಅಪಶಕುನದ ಮಾತಿಗೆ ಎದ್ದು ಕೂಗಾಡಿದರು. "ಬಿಡ್ತು ಅನ್ನವಾ! ಬರ್ತೀನಿ ಅನ್ನು! ಹಬ್ಬದ ದಿನದಾಗ ಎಂಥಾ ಮಾತಾಡ್ತಿ, ಬರ್ತೀನಿ ಅನ್ನು!"

ರೂತವ್ವ ತಿರುಗಲಿಲ್ಲ. ಮೆಟ್ಟಿಲು ಇಳಿಯತೊಡಗಿದಳು. ಮೇಲೆ ಗದ್ದಲ ತಣ್ಣಗಾಗುತ್ತಿದ್ದಂತೆ ದೊರೆಯ ತೆಳುವಾದ ಧ್ವನಿ ಕೇಳಿಸಿತು, ಏನೋ ವಿಚಾರಿಸುತ್ತಿದ್ದ. ಹೆಂಗಸು ಏನೆಂದಳು ಎಂದಲ್ಲದೆ ಇನ್ನೇನು ವಿಚಾರಿಸಿಯಾನು? ಆಮೇಲೆ ಮುರಿಗೆಪ್ಪನವರ ಇಸ್ತ್ರಿ ಮಾಡಿದ ಇಂಗ್ಲಿಷು.

ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸದಾನಂದ ಇದೇ ಮೆಟ್ಟಿಲ ಮೇಲೆ ಕಲಿಸಿದ ಎರಡು ಶಬ್ದ ಮಾತ್ರ ಬರುತ್ತಿದ್ದವು. ಆ ಎರಡೂ ಅವರ ಮಾತಿನ ಕೊನೆಯಲ್ಲಿ ಇದ್ದವು.

ಕಮ್ ಬ್ಯಾಕ್.

"ಸಮಾಧಾನ" ಎಂದ ದೊರೆ. ಯಾರೋ ಕಡ್ಡಿ ಗೀರಿದರು.